ಎರಡನೆಯ ಗೀರು

"ಬರ್ರಿ, ಒಳಗ ಬರ್ರಿ, ಕುಂಕುಮ ಹಚ್ಚತೀನಿ," ಎಂದು ವಾರಿಜಾ ಪಡಸಾಲೆಯಿಂದಲೇ ಕರೆದಳು. ಬಾಗಿಲಲ್ಲಿದ್ದ ಹೆಂಗಸು ಕದಲಲಿಲ್ಲ. ಅರಿಷಿಣ-ಕುಂಕುಮಕ್ಕೆ ಬಂದು ಕೂತಿದ್ದ ಹೆಂಗಸರ ಮಾತು ನಿಂತಿತು. ಬಟ್ಟಲು ಹಿಡಿದು ಹತ್ತಿರ ಹೋದ ಮೇಲೆ ಅದು ಅತ್ತೆಯ ತಂಗಿ, ಗಂಡ ತೀರಿಕೊಂಡ ಅಹಲ್ಯಾಬಾಯಿ ಎಂದು ತಿಳಿಯಿತು.

"ಹಚ್ಚವಾ, ಯಾಕ ನಿಂತಿ? ಅದೊಂದು ಉಳದಿತ್ತು," ಎಂದರು ಅಹಲ್ಯಾಬಾಯಿ.

ಎಲ್ಲರೂ ಹೋದ ಮೇಲೆ ಅತ್ತೆ ಸತ್ಯಭಾಮಾಬಾಯಿ ಮಗ ಗೋಪಾಲಕೃಷ್ಣನ ಎದುರು ಕೂತರು. "ಚಷ್ಮಾ ಇಲ್ಲದ ಹುಡುಗಿ ಬೇಕಂದಿದ್ವಿ. ಇವರಪ್ಪ ಕಣ್ಣು ಕೊಯ್ಸಿ ತಂದು ನಮಗ ಗಂಟು ಹಾಕಿದಾ. ಕುರುಡು ಹಂಗೇ ಅದ."

ಸುಳ್ಳಲ್ಲ. ಮದುವೆಗೆ ಮುಂಚೆ ಹೈದರಾಬಾದಿನಲ್ಲಿ ಅವಳ ಕಪ್ಪುಗುಡ್ಡೆಗಳಿಗೆ ಸಣ್ಣ ಗೀರು ಹಾಕಿಸಿದ್ದರು. ಚಷ್ಮಾದ ನಂಬರು ಇಳಿಯಿತು, ಪೂರ್ತಿ ಹೋಗಲಿಲ್ಲ. ಅಂದಿನಿಂದ ಯಾವ ದೀಪ ನೋಡಿದರೂ ಮುಳ್ಳುಮುಳ್ಳಾಗಿ ಕಾಣುತ್ತಿತ್ತು. ಇನ್ನೊಮ್ಮೆ ಗೀರಿದರೆ ಸರಿಹೋಗಬಹುದು, ಇದ್ದದ್ದೂ ಕೆಡಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ಸೋಮವಾರ ಹೋಗೂಣು. ಇನ್ನೊಮ್ಮೆ ಕೊಯ್ಸೂಣು," ಎಂದ ಗೋಪಾಲಕೃಷ್ಣ.

"ಚಷ್ಮಾ ಹಾಕ್ಕೋತೀನಲ್ಲರೀ. ಇದ್ದ ಕಣ್ಣೂ ಹೋದ್ರ?"

"ಹೋದ್ರ ಹೋಗ್ಲಿ. ಈಗೇನು ಭಾಳ ಕಾಣಿಸಲಿಕ್ಕತ್ತದೇನು?"

ಅತ್ತೆ ನಕ್ಕರು.

ಸೋಮವಾರ ತಮ್ಮೂರು ಮಾನವಿಯಿಂದ ಬಸ್ಸಿನಲ್ಲಿ ರಾಯಚೂರಿಗೆ ಬಂದಿಳಿದಾಗ ಹೈದರಾಬಾದಿನ ರೈಲಿಗೆ ಇನ್ನೂ ಹೊತ್ತಿತ್ತು. "ಇಲ್ಲೇ ನಿಂದ್ರು. ಯಾರನ್ನಾರ ನಾನಂತ ತಿಳದು ಹಿಂದ ಹೋಗೀ ಮತ್ತ," ಎಂದು ಅವನು ರಸ್ತೆ ದಾಟಿ ಚಹಾದಂಗಡಿಗೆ ಹೋದ. ವಾರಿಜಾ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹಿಂದಿದ್ದ ಚಷ್ಮಾದಂಗಡಿಯ ಮೆಟ್ಟಿಲು ಹತ್ತಿದಳು. ಅಂಗಡಿಯ ಪರಮಣ್ಣ ಭಾರದ ಪರೀಕ್ಷೆ ಫ್ರೇಮೊಂದನ್ನು ಅವಳ ಮೂಗಿಗೇರಿಸಿ, ಒಂದೊಂದೇ ಗಾಜು ತೆಗೆದು ಹಾಕಿ ನೋಡಿದ.

"ಈಗ ರಸ್ತಿ ಆಕಡಿ ನೋಡ್ರಿ ಅಕ್ಕಾರ. ಬೋರ್ಡು ಓದಾಕ ಬರ್ತದೇನು?"

ಅವಳು ಬೋರ್ಡು ನೋಡಲಿಲ್ಲ. ಅದರ ಕೆಳಗೆ ಗೋಪಾಲಕೃಷ್ಣ ಅವಳು ನಿಂತಿದ್ದ ಜಾಗದತ್ತ ನೋಡುತ್ತಿದ್ದ. ಮದುವೆಯಾಗಿ ವರ್ಷವಾದರೂ ಇಷ್ಟು ದೂರದಿಂದ ಅವನ ಮುಖವನ್ನು ಅವಳು ಕಂಡಿರಲಿಲ್ಲ. ಹುಬ್ಬು ಗಂಟಿಕ್ಕಿತ್ತು. ಬಿಗಿದ ದವಡೆ, ಬಾಯಲ್ಲಿ ಬೈಗುಳ, ಎಲ್ಲವೂ ಸ್ಪಷ್ಟವಾಗಿತ್ತು.

"ಹೆಂಗ ಕಾಣ್ತದ್ರೀ?"

"ಛಲೋ ಕಾಣ್ತದ. ಇದೇ ನಂಬರು ಹಾಕ್ರಿ."

ಅವನಿಗೆ ಅವಳು ಕಂಡಳು. ಚಹಾದ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿ, ರಿಕ್ಷಾಗಳ ನಡುವೆ ನುಗ್ಗಿ ಬರತೊಡಗಿದ. ವಾರಿಜಾ ಜಾರುತ್ತಿದ್ದ ಫ್ರೇಮನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಅವನು ಹತ್ತಿರವಾಗುವುದನ್ನು ನೋಡುತ್ತ ಕೂತಳು.