ಮೈಕಿನಲ್ಲಿ ಬಂದ ಧ್ವನಿ

ಪುರಸಭೆ ಚುನಾವಣೆಯ ಮತದಾನದ ದಿನ ಬೆಳಗ್ಗೆ ಒಂದು ವ್ಯಾನು ಗಲ್ಲಿಗಲ್ಲಿ ಸುತ್ತಿತು. ಅದರ ಮೈಕಿನಲ್ಲಿ ಒಬ್ಬ ಹೆಂಗಸು, "ನಾನು ನಿಮ್ಮ ನರ್ಸಮ್ಮ. ಕಣದಿಂದ ಹಿಂದೆ ಸರಿದಿದೀನಿ. ನನ್ನ ತಂಗಿ ಗಂಡನಿಗೇ ವೋಟು ಹಾಕಿ," ಎನ್ನುತ್ತಿದ್ದಳು.

ನಿಜವಾದ ನರ್ಸಮ್ಮ ಆಗ ಊರಿನ ಇನ್ನೊಂದು ತುದಿಯ ಮತಗಟ್ಟೆಯಲ್ಲಿದ್ದಳು. ಸುದ್ದಿ ಕಿವಿಗೆ ಬಿದ್ದು ಓಡೋಡಿ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಸಾಲಿನಲ್ಲಿ ನಿಂತಿದ್ದವರಲ್ಲಿ ಎಷ್ಟೋ ಜನ, ಇನ್ನೇನು ಕೆಲಸ ಎಂದು ಮನೆಗೆ ತಿರುಗಿದ್ದರು. ಊರಿನ ಖಾಸಗಿ ಆಸ್ಪತ್ರೆಯ ನರ್ಸು ಅವಳು; ಅರ್ಧ ಊರಿನ ಮಕ್ಕಳು ಮೊದಲು ಕಣ್ಣುಬಿಟ್ಟದ್ದೇ ಅವಳ ಕೈಯಲ್ಲಿ. ಅಂಥವಳು ಕೂದಲೆಳೆಯಲ್ಲಿ ಸೋತಳು. ಗೆದ್ದವನು ಅವಳ ತಂಗಿಯ ಗಂಡ, ಮೆಡಿಕಲ್ ಸ್ಟೋರಿನವನು.

ಫಲಿತಾಂಶವನ್ನು ಪ್ರಶ್ನಿಸಬೇಕಾದರೆ ಗಡುವಿನೊಳಗೆ ಕೋರ್ಟಿಗೆ ತಕರಾರು ಅರ್ಜಿ ಹಾಕಬೇಕು ಎಂದರು ವಕೀಲರು. ಸುಮ್ಮನೆ ಮೋಸವಾಯಿತು ಎಂದರೆ ಸಾಲದು; ಯಾರು, ಎಲ್ಲಿ, ಯಾವಾಗ, ಏನು ಮಾಡಿದರು ಎಂದು ಬಿಡಿಸಿ ಬರೆದು ಪ್ರಮಾಣ ಮಾಡಬೇಕು. ನರ್ಸಮ್ಮ ಎಲ್ಲವನ್ನೂ ಹೇಳಿದಳು. ಮೈಕಿನಲ್ಲಿ ಮಾತಾಡಿದ್ದು ಯಾರು ಎಂದು ಕೇಳಿದಾಗ ಮಾತ್ರ, ಯಾರೋ ಹೆಂಗಸು ಎಂದಳು. ವಕೀಲರು ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿ ಹಾಗೆಯೇ ಬರೆದುಕೊಂಡರು.

ಆ ಧ್ವನಿ ಯಾರದೆಂದು ಅವಳಿಗೆ ಗೊತ್ತಿತ್ತು. ಅಕ್ಕತಂಗಿಯರದು ಒಂದೇ ಕಂಠ. ಹಿಂದೆ ಅವರಮ್ಮ ಒಳಗಿನಿಂದ ಕೂಗಿ, ಓಗೊಟ್ಟವಳು ದೊಡ್ಡವಳೋ ಚಿಕ್ಕವಳೋ ತಿಳಿಯದೆ ಇಬ್ಬರಿಗೂ ಸೇರಿಸಿ ಬೈಯುತ್ತಿದ್ದಳು.

ಕೋರ್ಟಿನ ನೋಟಿಸು ಗಂಡನ ಕೈಸೇರಿದ ಮೇಲೆ ತಂಗಿ ಬಂದಳು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

"ಅರ್ಜಿ ವಾಪಸ್ ತಗೋ ಅಕ್ಕ. ನಮ್ಮನೆ ಮರ್ಯಾದೆ ನಾವೇ ಬೀದಿಗೆ ತರೋದು ಬೇಡ."

ಧ್ವನಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ತಂಗಿಯ ಕಣ್ಣಡಿ ಕಪ್ಪಾಗಿತ್ತು, ಮುಖ ಇಳಿದುಹೋಗಿತ್ತು. ನರ್ಸಮ್ಮ ಮರುದಿನವೇ ವಕೀಲರಲ್ಲಿಗೆ ಹೋಗಿ, ಕೇಸು ಬೇಡ ಎಂದುಬಿಟ್ಟಳು.

ವಕೀಲರು ತಲೆ ಕೆರೆದುಕೊಂಡರು. ಇದು ಮನೆ ಜಾಗದ ವ್ಯಾಜ್ಯವಲ್ಲ, ಬೇಡವೆಂದ ತಕ್ಷಣ ಕೈತೊಳೆದುಕೊಳ್ಳಲಾಗದು. ಜಡ್ಜು ಒಪ್ಪಬೇಕು, ಪೇಪರಿನಲ್ಲಿ ಪ್ರಕಟಣೆ ಕೊಡಬೇಕು, ಯಾರಾದರೂ ಮತದಾರರು ಬಂದು ತಾವು ನಡೆಸುತ್ತೇವೆಂದರೆ ಅರ್ಜಿ ಅವರ ಪಾಲಾಗುತ್ತದೆ ಎಂದರು. ಯಾರು ಬರುತ್ತಾರೆ ಎಂದುಕೊಂಡಳು ಅವಳು.

ಬಂದವರು ಬೇಕರಿಯವರು. ಚುನಾವಣೆಯುದ್ದಕ್ಕೂ ಅವಳ ಏಜೆಂಟಾಗಿ ಹಗಲೂ ರಾತ್ರಿ ದುಡಿದವರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೋರ್ಟಿನಲ್ಲಿ ಎದ್ದು ನಿಂತರು. ಜಡ್ಜು ಒಪ್ಪಿದರು.

ಹೊರಗೆ ಕಾರಿಡಾರಿನಲ್ಲಿ ಅವಳು, "ನನಗೊಂದು ಮಾತು ಹೇಳಬಹುದಿತ್ತು," ಎಂದಳು.

"ನೀವೂ ನನಗೆ ಹೇಳಲಿಲ್ಲ," ಎಂದರು ಬೇಕರಿಯವರು. "ನಮ್ಮಪ್ಪ ಕೋಲೂರಿಕೊಂಡು ಸಾಲಲ್ಲಿ ನಿಂತಿದ್ರು. ಮೈಕು ಕೇಳಿ ವಾಪಸ್ ಬಂದ್ರು. ನಿಮಗೆ ತಂಗಿ ಇದಾಳೆ ಅಂತ ಅವರ ವೋಟು ಬಿಟ್ಟುಕೊಡಕ್ಕಾಗುತ್ತಾ?"



ಹೀಗೆ, ಅರ್ಜಿ ಹಾಕಿದವಳೇ ಸಾಕ್ಷಿಯಾಗಿ ಕಟಕಟೆ ಹತ್ತಬೇಕಾಯಿತು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದ ಆ ಘೋಷಣೆಯನ್ನು ಕೇಳಿಸಿ, ಬೇಕರಿಯವರ ವಕೀಲರು ಇದು ನಿಮ್ಮ ಧ್ವನಿಯೇ ಎಂದು ಕೇಳಿದರು. ಅಲ್ಲ ಎಂದಳು. ಹಾಗಾದರೆ ಯಾರದು? ಸತ್ಯವನ್ನೇ ಹೇಳುತ್ತೇನೆಂದು ಆಗತಾನೆ ಪ್ರಮಾಣ ಮಾಡಿದ್ದಳು. ಗೊತ್ತಿಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಟೈಪಿಸ್ಟ್ ಬೆರಳು ಎತ್ತಿಕೊಂಡು ಕಾಯುತ್ತಿದ್ದ.

"ನನ್ನ ತಂಗೀದು," ಎಂದಳು.

ಕೇಸಿನಲ್ಲಿ ಇಲ್ಲದವರ ಮೇಲೆ ಇಂಥ ಆರೋಪ ಬಂದರೆ ಅವರ ಮಾತನ್ನೂ ಕೇಳಬೇಕು. ತಂಗಿಗೂ ನೋಟಿಸು ಹೋಯಿತು. ಅವಳು ವಕೀಲರನ್ನು ಇಟ್ಟುಕೊಳ್ಳದೆ, ಅಕ್ಕನಿಗೆ ಪಾಟೀಸವಾಲು ತಾನೇ ಹಾಕುತ್ತೇನೆಂದು ಬಂದು ನಿಂತಳು. ನರ್ಸಮ್ಮ ಮತ್ತೆ ಕಟಕಟೆ ಹತ್ತಿದಳು.

"ಹೆತ್ತ ಅಮ್ಮನಿಗೇ ನಮ್ಮಿಬ್ಬರ ಧ್ವನಿ ಗುರುತು ಸಿಗ್ತಿರ್ಲಿಲ್ಲ," ಎಂದಳು ತಂಗಿ. "ನಿನಗೆ ಹೇಗೆ ಸಿಕ್ತು?"

"ಆ ಧ್ವನಿ ಇರೋದು ನಮ್ಮಿಬ್ಬರಿಗೇ. ಮಾತಾಡಿದ್ದು ನಾನಲ್ಲ."

ತಂಗಿ, ಇನ್ನು ಕೇಳುವುದೇನೂ ಇಲ್ಲ ಎಂದು ಜಡ್ಜಿಗೆ ಹೇಳಿದಳು. ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಮುಂದಿನ ಬೆಂಚಿನಲ್ಲಿದ್ದ ಗಂಡ ಹಿಂತಿರುಗಿ ಕೂಡ ನೋಡಲಿಲ್ಲ.

ತೀರ್ಪು ಬಂತು: ಚುನಾವಣೆ ರದ್ದು, ಗಂಡಹೆಂಡತಿ ಇಬ್ಬರೂ ಕೆಲವು ವರ್ಷ ಯಾವ ಚುನಾವಣೆಗೂ ನಿಲ್ಲುವಂತಿಲ್ಲ. ಬೇಕರಿಯವರು ಬಂದು, ಮರುಚುನಾವಣೆಗೆ ನೀವೇ ನಿಲ್ಲಬೇಕು, ಈ ಸಲ ಗೆಲುವು ಕಟ್ಟಿಟ್ಟ ಬುತ್ತಿ ಎಂದರು. ಬೇರೆಯವರನ್ನು ನೋಡಿ ಎಂದು ಅವಳು ಚಪ್ಪಲಿ ಮೆಟ್ಟಿ ಡ್ಯೂಟಿಗೆ ಹೊರಟಳು.

ಅದಾಗಿ ಕೆಲವು ವಾರಗಳ ಮೇಲೆ ಬೇಕರಿಯಲ್ಲಿ ಬ್ರೆಡ್ಡು ಕೊಳ್ಳುವಾಗ, ತಂಗಿಯ ಮಗಳಿಗೆ ಹೆರಿಗೆಯಾದ ಸುದ್ದಿ ಕಿವಿಗೆ ಬಿತ್ತು. ಇಲ್ಲಿಯ ಆಸ್ಪತ್ರೆ ಬೇಡವೆಂದು ಅವಳನ್ನು ಪಕ್ಕದ ಊರಿಗೆ ಕರೆದೊಯ್ದಿದ್ದರಂತೆ.

"ಏನು ಮಗು?" ಎಂದು ಕೇಳಿದಳು ನರ್ಸಮ್ಮ.

"ಹೆಣ್ಣಂತೆ," ಎಂದರು ಬೇಕರಿಯವರ ಹೆಂಡತಿ, ಅವಳ ಮುಖ ನೋಡದೆ.

"ತಾಯಿ ಹೇಗಿದಾಳೆ?"

ಅದು ಬೇಕರಿಯವರ ಹೆಂಡತಿಗೆ ತಿಳಿದಿರಲಿಲ್ಲ.