ಓರಗಿತ್ತಿಯ ಹಂಡೆ

ರೊಸಾಲ್ಬಿನಾ ಬ್ರೆಡ್ಡಿನ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಓರಗಿತ್ತಿಯ ಅಡುಗೆಮನೆಯ ಬಾಗಿಲನ್ನು ಕಾಲಿನಿಂದ ತಳ್ಳಿದಳು. ಒಳಗೆ ಅವಳ ಸ್ವಂತ ಮಗಳು ನುಬಿಯಾ ಸತ್ತವಳ ಏಪ್ರನ್ ಕಟ್ಟಿಕೊಂಡು, ಸತ್ತವಳ ಹಂಡೆಯಲ್ಲಿ ಸೋಪು ತಿರುವುತ್ತಿದ್ದಳು.

"ಹೆಣ ಇನ್ನೂ ಮನೇಲಿದೆ. ಇದೇನೇ ಇದು?"

"ಬಿಟ್ರೆ ತಳ ಹಿಡಿಯತ್ತಮ್ಮ. ದೊಡ್ಡಮ್ಮ ಇಟ್ಟಿದ್ದ ಸೋಪು. ಇವತ್ತೇ ಇಳಿಸ್ಬೇಕು."

ಮಾತಾಡುತ್ತಲೇ ನುಬಿಯಾ ಮರದ ಹುಟ್ಟಿನ ತುದಿಯಿಂದ ಒಂದು ಹನಿ ಎತ್ತಿ, ಊದಿ, ಹದ ನೋಡಲು ನಾಲಿಗೆಗೆ ಮುಟ್ಟಿಸಿಕೊಂಡಳು. ಆಮೇಲೆ ಪಕ್ಕದ ಮಡಕೆಯಿಂದ ಒಂದು ಸೌಟು ಬೂದಿನೀರು ಸುರಿದಳು. ಮಡಕೆ ಎಲ್ಲಿದೆಯೆಂದು ತಿರುಗಿ ನೋಡಲೂ ಇಲ್ಲ. ಹಾಗೆ ತಲೆ ವಾರೆ ಮಾಡಿ ಸೋಪಿನ ರುಚಿ ನೋಡುತ್ತಿದ್ದವಳು ಆ ಬೆಟ್ಟದ ಮೇಲೆ ಒಬ್ಬಳೇ ಇದ್ದಳು. ಅವಳೀಗ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದಳು.

ಅನಾತಿಲ್ದೆ ಸತ್ತದ್ದು ಹಿಂದಿನ ಸಂಜೆ, ಇದೇ ಒಲೆಯ ಮುಂದೆ. ಕೊಬ್ಬು ಕರಗಿಸಿ, ಬೂದಿನೀರು ಕೂಡಿಸಿ ತಿರುವುತ್ತಿದ್ದವಳು ಗಂಡನನ್ನು ಕರೆದು, "ಸ್ವಲ್ಪ ಹಿಡಿ, ಎದೆ ಯಾಕೋ ಹಿಂಡ್ತಿದೆ" ಎಂದು ಮಣೆಯ ಮೇಲೆ ಕೂತಳು. ಅಬ್ದೋನ್ ಹುಟ್ಟು ಹಿಡಿದ. ಹೆಂಡತಿ ತೂಕಡಿಸುತ್ತಿದ್ದಾಳೆಂದುಕೊಂಡ. ವಿಷಯ ತಿಳಿದ ಮೇಲೂ ಬೇರೇನು ಮಾಡಬೇಕೆಂದು ತೋಚದೆ, ನೆರೆಯವರು ಹೆಣಕ್ಕೆ ಸ್ನಾನ ಮಾಡಿಸುತ್ತಿರುವಾಗಲೂ ಅವನು ತಿರುವುತ್ತಲೇ ಇದ್ದ. ಗುಡ್ಡದಾಚೆಯ ಗಂಡನ ಮನೆಯಿಂದ ನುಬಿಯಾ ಓಡಿ ಬಂದು ಹುಟ್ಟನ್ನು ಅವನ ಕೈಯಿಂದ ಬಿಡಿಸಿಕೊಂಡಳು.

"ನಿಂಗೆ ಇದೆಲ್ಲ ಯಾವಾಗ ಗೊತ್ತಾಯ್ತು?" ರೊಸಾಲ್ಬಿನಾ ಕೇಳಿದಳು.

ನುಬಿಯಾ ಒಲೆಗೆ ಇನ್ನೊಂದು ಸೌದೆ ತಳ್ಳಿದಳು. ಹಂಡೆಯನ್ನೇ ನೋಡುತ್ತಿದ್ದಳು.

*

ರೊಸಾಲ್ಬಿನಾ ಮದುವೆಯಾಗಿ ಬಂದ ವರ್ಷ ಅಣ್ಣತಮ್ಮಂದಿರ ಎರಡು ಮನೆಗೂ ಅಂಗಳ ಒಂದೇ ಇತ್ತು. ಅಬ್ದೋನ್ ದೊಡ್ಡವನು, ಕುಸ್ತೋದಿಯೊ ಚಿಕ್ಕವನು. ಎರಡೂ ಮನೆಯವರು ಉಪ್ಪು, ಬೆಲ್ಲ ಬಿಟ್ಟರೆ ಅಂಗಡಿಯಿಂದ ಏನನ್ನೂ ತರುತ್ತಿರಲಿಲ್ಲ. ಕುರಿಯ ಉಣ್ಣೆ ನೂತು ಹೊದೆಯುವುದಕ್ಕೆ ನೇಯುತ್ತಿದ್ದರು, ಗಿಡದ ಕಾಯಿ ಕುದಿಸಿ ಮೇಣ ತೆಗೆದು ಬತ್ತಿ ಮಾಡುತ್ತಿದ್ದರು. ಹೊಸ ಸೊಸೆಗೆ ಎಲ್ಲವೂ ಬರುತ್ತಿತ್ತು, ಸೋಪು ಒಂದನ್ನು ಬಿಟ್ಟು.

"ಅಕ್ಕ, ನಂಗೂ ಕಲಿಸು."

"ಬೆಳಿಗ್ಗೆ ಬಾ ತಂಗಿ."

ಬೆಳಿಗ್ಗೆ ಹೋದರೆ ಹಲಗೆಯ ಮೇಲೆ ಕಪ್ಪು ಉಂಡೆಗಳು ಸಾಲಾಗಿ ಆರುತ್ತಿದ್ದವು. "ಅಯ್ಯೋ, ಇದು ನಡುರಾತ್ರೀಲೇ ಹದಕ್ಕೆ ಬಂತು ನೋಡು. ಮುಂದಿನ ಸಲ." ಮುಂದಿನ ಸಲವೂ ಹಾಗೇ ಆಯಿತು. ಕೊನೆಗೆ ರೊಸಾಲ್ಬಿನಾ ತಾನೇ ಕೊಬ್ಬು ಕರಗಿಸಿದಳು. ಅದು ಒಡೆದ ಮೊಸರಿನ ಹಾಗೆ ನೀರುನೀರಾಗಿ ಉಳಿಯಿತು. ಅದರಲ್ಲಿ ತಲೆ ತೊಳೆದುಕೊಂಡ ಕುಸ್ತೋದಿಯೊ ನೆತ್ತಿ ಉರಿಯೆಂದು ತೊರೆಗೆ ಓಡಿದ. ಸಂಜೆ ಹೆಂಡದ ಮನೆಯಲ್ಲಿ, "ನನ್ನ ಹೆಂಡ್ತಿ ಸೋಪು ಗಾಡಿಯ ಅಚ್ಚಿಗೆ ಬಹಳ ಒಳ್ಳೇದು" ಎಂದು ಎಲ್ಲರನ್ನೂ ನಗಿಸಿದ. ನಗು ಬೆಟ್ಟ ಹತ್ತಿ ಮನೆಯವರೆಗೂ ಬಂತು.

ಅಂದಿನಿಂದ ಅವಳ ಗಂಡನ ಅಂಗಿ, ಮಕ್ಕಳ ತಲೆ, ಕೊನೆಗೆ ಅವಳ ದಿಂಬಿಗೂ ಓರಗಿತ್ತಿಯ ಸೋಪಿನದೇ ವಾಸನೆ.

*

ಅಂಗಳದಲ್ಲಿ ಜನ ಬೆಲ್ಲದ ಬಿಸಿನೀರು ಕುಡಿಯುತ್ತ, ರೊಸಾಲ್ಬಿನಾಳ ಬ್ರೆಡ್ಡನ್ನು ಅದ್ದಿಕೊಂಡು ತಿನ್ನುತ್ತಿದ್ದರು. ಅವಳು ಬುಟ್ಟಿ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತಳು.

"ಇನ್ಮೇಲೆ ಸೋಪಿಗೆ ಎಲ್ಲಿಗೆ ಹೋಗೋದು?" ತೊರೆಯಾಚೆಯ ಮುದುಕಿ ತ್ರಾನ್ಸಿತೊ ಎರಡನೆಯ ಬ್ರೆಡ್ಡಿಗೆ ಕೈ ಹಾಕುತ್ತ ಹೇಳಿದಳು. "ಅಂಗಡಿ ಸೋಪಲ್ಲಿ ತಲೆ ತೊಳೆದ್ರೆ ಕೂದಲು ಜೋಳದ ಸಿಪ್ಪೆ ಆಗತ್ತೆ."

"ನನ್ನ ಮೊಮ್ಮಗನ ಕಜ್ಜಿ ಹೋಗಿದ್ದೇ ಅನಾತಿಲ್ದೆ ಸೋಪಲ್ಲಿ," ಎಂದ ಇನ್ನೊಬ್ಬ. "ಪುಣ್ಯಾತ್ಗಿತ್ತಿ."

"ಬ್ರೆಡ್ಡು ಸಾಕಾ?" ರೊಸಾಲ್ಬಿನಾ ಕೇಳಿದಳು.

"ಸಾಕು, ಸಾಕು. ಸ್ವಲ್ಪ ಸೀದಿದೆ, ಅಲ್ವಾ? ಪಾಪ, ದುಃಖದಲ್ಲಿ ಬೇಯಿಸಿದ್ದು."

ರೊಸಾಲ್ಬಿನಾ ತಲೆಯಾಡಿಸಿದಳು. ಬ್ರೆಡ್ಡು ಸೀದಿರಲಿಲ್ಲ. ಬೇಲಿಯುದ್ದಕ್ಕೂ ಜನ ನಿಂತಿದ್ದರು. ದೂರದ ಸಂತೆಯೂರಿನವರೂ ಬಂದಿದ್ದರು. ತಾನು ಸತ್ತರೆ ಇಷ್ಟು ಜನ ಬರುವುದಿಲ್ಲ ಎಂದುಕೊಂಡಳು. ಪೆಟ್ಟಿಗೆಯ ಹತ್ತಿರ ಹೋದರೆ ಅಲ್ಲಿಯೂ ಅನಾತಿಲ್ದೆಯದೇ ಮೇಲುಗೈ. ಮಂಚ ಮಾಡಲೆಂದು ಒಣಗಿಸಿಟ್ಟಿದ್ದ ದೇವದಾರು ಹಲಗೆಯನ್ನು ಅಬ್ದೋನ್ ರಾತ್ರಿಯಿಡೀ ತಾನೇ ಕೂತು ಉಜ್ಜಿ, ಮೂಲೆಗಳನ್ನು ಮೊಳೆಯಿಲ್ಲದೆ ಬೆಸೆದಿದ್ದ. ಕುಸ್ತೋದಿಯೊ ಹೆಂಡತಿಯ ಕೋಳಿಗೂಡಿನ ಬಾಗಿಲನ್ನು ಇವತ್ತಿಗೂ ಹಗ್ಗದಲ್ಲಿ ಕಟ್ಟಿಟ್ಟಿದ್ದಾನೆ.

ಅವಳು ಅಡುಗೆಮನೆಗೆ ವಾಪಸು ಬಂದು ಬಾಗಿಲು ಮುಂದಕ್ಕೆ ಎಳೆದಳು.

"ಹೇಳು. ಯಾವಾಗ ಕಲಿತೆ?"

"ಚಿಕ್ಕೋಳಿದ್ದಾಗ. ಕುರಿ ಹೊಡ್ಕೊಂಡು ಹೋಗ್ತಿದ್ನಲ್ಲ, ಆಗ."

"ಕುರಿ ಮೇಯಿಸ್ತಿದಾಳೆ ಅಂತ ನಾನು ಮನೇಲಿ ಕೂತಿದ್ರೆ ನೀನು ಅವಳ ಹಂಡೆ ಕಾಯ್ತಿದ್ದೆ."

"ಹೂಂ."

"ಹೇಳ್ಬೇಡ ಅಂದಿದ್ಲಾ?"

"ದೊಡ್ಡಮ್ಮ ಏನೂ ಅನ್ಲಿಲ್ಲ. ನಾನೇ ಹೇಳ್ಲಿಲ್ಲ." ನುಬಿಯಾ ಹಣೆಯನ್ನು ಮೊಣಕೈಯಿಂದ ಒರೆಸಿಕೊಂಡಳು. "ಹೇಳಿದ್ರೆ ನೀನು ನನ್ನನ್ನ ಈ ಮನೆ ಹೊಸಿಲು ತುಳಿಯೋಕೆ ಬಿಡ್ತಿರ್ಲಿಲ್ಲ."

"ನನಗೆ ಕೊಡದಿದ್ದನ್ನ ನನ್ನ ಮಗಳಿಗೆ ಕೊಟ್ಲು. ನೋಡು ಅವಳ ಬುದ್ಧಿ."

"ನೀನು ಅವಳಿಗೆ ಹುಳಿಹಿಟ್ಟು ಕೊಟ್ಯಾ ಅಮ್ಮ?"

ರೊಸಾಲ್ಬಿನಾ ಬುಟ್ಟಿಯನ್ನು ಮಣೆಯ ಮೇಲೆ ಇಟ್ಟಳು. ಇದೂ ಇವಳಿಗೆ ಗೊತ್ತಿದೆ.

*

ಅನಾತಿಲ್ದೆಗೆ ಬ್ರೆಡ್ಡು ಒಲಿದಿರಲಿಲ್ಲ. ಅವಳು ಮಾಡಿದ್ದು ಉಬ್ಬದೆ ಕಲ್ಲಾಗುತ್ತಿತ್ತು; ಬ್ರೆಡ್ಡು ಉಬ್ಬುವುದು ಹಳೆಯ ಹುಳಿಹಿಟ್ಟಿನ ಜೀವದಿಂದ. ಒಂದು ದಿನ ಉಣ್ಣೆಯ ಶಾಲಿನೊಳಗೆ ಬಟ್ಟಲು ಬಚ್ಚಿಟ್ಟುಕೊಂಡು ಬಂದು, "ತಂಗಿ, ನಿನ್ನ ಹುಳಿಹಿಟ್ಟು ಒಂದು ಹಿಡಿ ಕೊಡ್ತೀಯಾ?" ಎಂದು ಕೇಳಿದಳು. ಕೇಳುವಾಗ ಮುಖ ಕೆಂಪಾಗಿತ್ತು.

ರೊಸಾಲ್ಬಿನಾ ನಗುತ್ತಲೇ ಬಟ್ಟಲು ಇಸಿದುಕೊಂಡು ಒಳಗೆ ಹೋದಳು. ಹಿಟ್ಟು ಹಾಕಿದಳು. ಮೇಲೆ ಕುದಿಯುವ ನೀರು ಒಂದಿಷ್ಟು ಸುರಿದು ಕಲಸಿ, ಆರುವವರೆಗೆ ಹೊರಗಿನವಳನ್ನು ಮಾತಿನಲ್ಲಿ ಹಿಡಿದಿಟ್ಟಳು. ಸತ್ತ ಹಿಟ್ಟು ನೋಡಲು ಜೀವವಿದ್ದ ಹಿಟ್ಟಿನ ಹಾಗೇ ಇತ್ತು.

ವಾರ ಕಳೆದ ಮೇಲೆ ಅನಾತಿಲ್ದೆ ಬಟ್ಟಲನ್ನು ಹಿಂದಕ್ಕೆ ತಂದಳು. ಒಳಗೊಂದು ಸೋಪಿನ ಉಂಡೆಯಿತ್ತು.

"ಇದ್ರಲ್ಲಿ ಕೈ ತೊಳ್ಕೊ ತಂಗಿ," ಎಂದಳು. ಆಮೇಲೆ ಬ್ರೆಡ್ಡಿನ ಮಾತನ್ನೇ ಎತ್ತಲಿಲ್ಲ.

*

ಪಾದ್ರಿ ಬಂದ. ಗಂಡಸರು ಪೆಟ್ಟಿಗೆಯನ್ನು ಹೆಗಲಿಗೆ ಏರಿಸಿದರು. ಅಬ್ದೋನ್ ಅಡುಗೆಮನೆಗೆ ಇಣುಕಿ, "ಬಾ ಮಗಳೇ. ಒಲೆ ಆರಿಸು. ಸೋಪು ಹೋದ್ರೆ ಹೋಗ್ಲಿ," ಎಂದ.

"ಅವಳ ಕಡೇ ಹಂಡೆ ದೊಡ್ಡಪ್ಪ," ಎಂದಳು ನುಬಿಯಾ. ಅಷ್ಟು ಹೊತ್ತು ಅಳದಿದ್ದವಳು ಈಗ ಅತ್ತಳು. ಕೈ ಮಾತ್ರ ತಿರುವುತ್ತಲೇ ಇತ್ತು.

"ನೀನು ಹೋಗು," ರೊಸಾಲ್ಬಿನಾ ಹೇಳಿದಳು. "ನಾನು ನೋಡ್ಕೋತೀನಿ."

ಬಾಗಿಲಲ್ಲಿದ್ದ ತ್ರಾನ್ಸಿತೊ ಮುಖ ತಿರುಗಿಸಿ ನೋಡಿದಳು. ಸ್ವಂತ ಓರಗಿತ್ತಿಯ ಮಣ್ಣಿಗೆ ಹೋಗದವಳೆಂದು ನಾಳೆ ಸಂತೆಯಲ್ಲೆಲ್ಲ ಮಾತಾಗುತ್ತದೆ. ನುಬಿಯಾ ಕದಲಲಿಲ್ಲ.

"ಯಾಕೆ? ವಿಷ ಹಾಕ್ತೀನಾ?"

ಮಗಳು ತಾಯಿಯ ಮುಖ ನೋಡಿ, ಹುಟ್ಟನ್ನು ಅವಳ ಕೈಗಿಟ್ಟಳು. "ಒಂದೇ ದಿಕ್ಕಿಗೆ ತಿರುಗಿಸು. ನೊರೆ ಎದ್ರೆ ಬೂದಿನೀರು ಒಂದು ಸೌಟು. ತಣ್ಣೀರು ಮಾತ್ರ ಒಂದು ಹನೀನೂ ಬೀಳ್ಬಾರ್ದು. ಬಿದ್ರೆ ಎಲ್ಲಾ ಒಡೆಯತ್ತೆ." ಹೇಳಿ ಹೋದಳು.

ಪ್ರಾರ್ಥನೆಯ ದನಿ ಇಳಿಜಾರಿನಲ್ಲಿ ಸಣ್ಣದಾಗುತ್ತ ಹೋಯಿತು. ಮನೆಯಲ್ಲಿ ಹಂಡೆಯ ಗುಳುಗುಳು ಬಿಟ್ಟರೆ ಸದ್ದಿಲ್ಲ. ಕೈಗೆಟಕುವಲ್ಲೇ ತಣ್ಣೀರಿನ ಕೊಡವಿತ್ತು. ರೊಸಾಲ್ಬಿನಾ ಎಡಗೈಯಲ್ಲಿ ಅದರ ಕಂಠ ಹಿಡಿದಳು. ಬೆಂಕಿ ಜೋರಾಯಿತು, ಒಡೆದುಹೋಯಿತು ಎಂದರೆ ಯಾರು ಕೇಳುತ್ತಾರೆ? ಅಂದು ಬಿಸಿನೀರು ಸುರಿದ ಕೈಗೆ ಇದು ಹೊಸದೇನಲ್ಲ. ಕೊಡ ಎತ್ತಿದಳು.

ಅಷ್ಟರಲ್ಲಿ ಬಲಗೈಯಲ್ಲಿದ್ದ ಹುಟ್ಟು ಭಾರವಾಯಿತು. ಯಾರೋ ಕೆಳಗಿನಿಂದ ಹಿಡಿದುಕೊಂಡ ಹಾಗೆ. ಹಂಡೆಯೊಳಗಿನದು ಅಂಚು ಬಿಟ್ಟು ನಡುವಿಗೆ ಸರಿಯುತ್ತಿತ್ತು. ಹದಕ್ಕೆ ಬರುವ ಹೊತ್ತು ಇದೇ. ಬೆಳಿಗ್ಗೆ ಬಾ ಎಂದು ಅಟ್ಟಿ, ಅನಾತಿಲ್ದೆ ತನ್ನಿಂದ ಬಚ್ಚಿಟ್ಟಿದ್ದ ಹೊತ್ತು. ಅವಳು ಕೊಡವನ್ನು ಇಳಿಸಿ ಎರಡೂ ಕೈಯಲ್ಲಿ ಹುಟ್ಟು ಹಿಡಿದಳು.

ತಿರುವುತ್ತ ತಿರುವುತ್ತ ತೋಳು ಸೋತವು. ಅಂಗೈಯಲ್ಲಿ, ಹೆಬ್ಬೆಟ್ಟಿನಲ್ಲಿ ಬೊಕ್ಕೆ ಎದ್ದು ಒಡೆಯಿತು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಬಿಡದೆ ನಿಲ್ಲಬೇಕಿತ್ತು, ಅಷ್ಟೆ. ತಾನೇ ಸೋಪು ಮಾಡಹೊರಟ ದಿನ ಅವಳು ಗಂಡನ ಊಟಕ್ಕೆ ಹೊತ್ತಾಯಿತೆಂದು ಹಂಡೆ ಇಳಿಸಿ, ಗೆಡ್ಡೆಯ ಸಾರಿಗೆ ಮಡಕೆ ಇಟ್ಟಿದ್ದಳು. ಇಷ್ಟು ಸಣ್ಣ ಮಾತನ್ನು ಅನಾತಿಲ್ದೆ ಹೇಳದೇ ಹೋದಳಲ್ಲ ಎಂದು ಅವಳಿಗೆ ಹೊಸದಾಗಿ ಹೊಟ್ಟೆ ಉರಿಯಿತು. ಉರಿಯುತ್ತಲೇ ತಿರುವಿದಳು. ಕೆಳಗೆ ಇಗರ್ಜಿಯ ಗಂಟೆ ಬಾರಿಸಿದಾಗ ಶಿಲುಬೆಯ ಗುರುತು ಮಾಡಿಕೊಳ್ಳಲೂ ಕೈ ಬಿಡುವಾಗಿರಲಿಲ್ಲ.

ಮಣ್ಣು ಮುಗಿಸಿ ಬಂದವರು ಹೊಸಿಲಲ್ಲಿ ಕೈ ತೊಳೆದರು. ಹಂಡೆಯಿಂದ ಕೆರೆದುಕೊಟ್ಟ ಸೋಪು ಇನ್ನೂ ಬೆಚ್ಚಗಿತ್ತು.

"ಮೂಸಿ ನೋಡಿ," ತ್ರಾನ್ಸಿತೊ ಎಲ್ಲರಿಗೂ ಕೈ ಚಾಚಿದಳು. "ಅನಾತಿಲ್ದೆ ಕೈ ಅಂದ್ರೆ ಕೈ. ಇನ್ನೊಬ್ಬರಿಗೆ ಬರಲ್ಲ."

"ಇಳಿಸಿದ್ದು ಅಮ್ಮ," ಎಂದಳು ನುಬಿಯಾ.

"ಹೌದಾ?" ತ್ರಾನ್ಸಿತೊ ಇನ್ನೊಮ್ಮೆ ಮೂಸಿದಳು. "ಆದ್ರೂ ಅವಳದೇ ವಾಸನೆ."

ಅಬ್ದೋನ್ ಒದ್ದೆ ಅಂಗೈಗಳನ್ನು ಒರೆಸಿಕೊಳ್ಳದೆ ಮುಖಕ್ಕೆ ಒತ್ತಿಕೊಂಡು ಅಂಗಳದ ಕಟ್ಟೆಯ ಮೇಲೆ ಕೂತ.

ಜನ ಚದುರಿದ ಮೇಲೆ ತಾಯಿ ಮಗಳು ಒಲೆಯ ಮುಂದೆ ಕೂತು ಉಂಡೆ ಕಟ್ಟಿದರು. ನುಬಿಯಾಳ ಉಂಡೆಗಳು ನುಣ್ಣಗೆ, ದುಂಡಗೆ, ದೊಡ್ಡಮ್ಮ ಕಟ್ಟುತ್ತಿದ್ದ ಹಾಗೆ ಹಲಗೆಯ ಮೇಲೆ ಸಾಲುಗಟ್ಟಿದವು. ರೊಸಾಲ್ಬಿನಾ ತನ್ನ ಉಂಡೆಯ ನೆತ್ತಿಗೆ ಹೆಬ್ಬೆಟ್ಟು ಒತ್ತಿದಳು. ಗುಳಿ ಬಿತ್ತು, ಬೊಕ್ಕೆ ಒಡೆದ ಚರ್ಮದ ಗೆರೆಗಳೂ ಮೂಡಿದವು. ಮುಂದಿನದಕ್ಕೂ ಒತ್ತಿದಳು. ತನ್ನವು ಮುಗಿದ ಮೇಲೆ ಕೈ ಚಾಚಿ ಮಗಳು ಕಟ್ಟಿದ್ದವಕ್ಕೂ ಒಂದೊಂದಾಗಿ ಒತ್ತತೊಡಗಿದಳು.

ನುಬಿಯಾ ನೋಡಿದಳು. ಆಮೇಲೆ ಹಲಗೆಯ ಆ ತುದಿಯವೂ ತಾಯಿಯ ಕೈಗೆ ಎಟಕುವಂತೆ ಅದನ್ನು ಮೆಲ್ಲಗೆ ಅವಳತ್ತ ಸರಿಸಿದಳು.