ಕರುಳಿನ ಎರಡು ಬಾಯಿ

ಮೂವತ್ತು ವರ್ಷ ವೈದ್ಯಕೀಯ ಪುಸ್ತಕಗಳ ಕರಡು ತಿದ್ದಿದ ತಪ್ಪಿಗೆ ಹರಿದಾಸರಿಗೆ ಈಗ ಶಿಕ್ಷೆಯಾಗುತ್ತಿತ್ತು. ಪೋರೂರಿನ ಆಸ್ಪತ್ರೆಯಲ್ಲಿ ಹೆಂಡತಿ ಜಯಲಕ್ಷ್ಮಿಯ ಕರುಳಿನ ಗಡ್ಡೆ ತೆಗೆದು, ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿದು ಇವತ್ತಿಗೆ ಐದನೆಯ ದಿನ. ಹೊಲಿಗೆ ಬಿಡುವುದಿದ್ದರೆ ಹೆಚ್ಚಾಗಿ ಈ ಹೊತ್ತಿಗೇ ಎಂಬ ಸಾಲನ್ನು ಅವರು ನಾಲ್ಕು ಪುಸ್ತಕಗಳಲ್ಲಾದರೂ ತಿದ್ದಿದ್ದರು. ಏನೂ ಗೊತ್ತಿಲ್ಲದವರೇ ಪುಣ್ಯವಂತರು.

"ಅಮ್ಮಾ, ಗ್ಯಾಸ್ ಪೋಚಾ?" ಗ್ಯಾಸ್ ಹೋಯಿತಾ ಎಂದು ಬೆಳಗಿನ ರೌಂಡ್ಸಿಗೆ ಬಂದ ಡಾಕ್ಟರ್ ಮಧುಸೂದನ್ ತಮಿಳಿನಲ್ಲಿ ಕೇಳಿದ. ಹೊಟ್ಟೆಯ ಗಾಳಿ ಹೊರಗೆ ಹೋದರೆ ಕರುಳು ಕೆಲಸ ಶುರುಮಾಡಿದೆ ಎಂದರ್ಥ. ಮಗನ ವಯಸ್ಸಿನ ಡಾಕ್ಟರು. ಜಯಲಕ್ಷ್ಮಿ ಗೋಡೆ ನೋಡುತ್ತ ಇಲ್ಲವೆಂದು ತಲೆಯಾಡಿಸಿದರು.

ಜ್ವರವೂ ಇತ್ತು. ಮಧ್ಯಾಹ್ನ ಸ್ಕ್ಯಾನ್, ಅನಾಸ್ಟೊಮೋಸಿಸ್ ಲೀಕ್ ಆಗಿದ್ದರೆ ಮತ್ತೆ ಆಪರೇಷನ್ ಎಂದು ಹೇಳಿ ಅವನು ಹೊರಟ. ಹರಿದಾಸರು ಹೆಂಡತಿಯ ಕಡೆ ನೋಡಿದರು. ಸಕ್ಕರೆ ಕಾಯಿಲೆಯ ಈ ದೇಹ ಇನ್ನೊಂದು ಸಲ ತಡೆದುಕೊಂಡೀತೇ?

"ಅದೇನ್ರೀ, ಅನಾಸ್ಟೊ ಅಂದ್ರೆ?"

ಭಯವಾದಾಗ ಪದ ಬಿಡಿಸುವುದು ಹರಿದಾಸರ ಹಳೆಯ ಚಟ. "ಗ್ರೀಕ್ ಪದ, ಜಯಾ. ಸ್ಟೋಮ ಅಂದ್ರೆ ಬಾಯಿ. ಬಾಯಿ ಮಾಡ್ಕೊಡೋದು ಅಂತ ಅರ್ಥ. ಮೊದಲು ರಕ್ತನಾಳಗಳ ಕೂಡಿಕೆಗೆ ಹೇಳ್ತಿದ್ರು, ಆಮೇಲೆ ಕರುಳಿನ ತುದಿಗಳನ್ನ ಸೇರಿಸೋದಕ್ಕೂ ಬಂತು."

"ಥೂ! ಊಟ ಮಾಡೋ ಬಾಯಿ ಹೆಸರನ್ನ ಅಲ್ಲಿಗಿಟ್ರಾ? ನಾಚಿಕೆ ಆಗ್ಲಿಲ್ವಾ ಅವರಿಗೆ?"

"ನಾಚ್ಕೊಂಡ್ರೆ ವೈದ್ಯ ನಡೆಯುತ್ಯೇ? ಮಲ, ಮೂತ್ರ, ಕೀವು, ಎಲ್ಲಕ್ಕೂ ಹೆಸರಿಟ್ಟು ಬರೆದಿಟ್ರು."

ಜಯಲಕ್ಷ್ಮಿ ಹೊದಿಕೆಯ ಅಂಚು ಮಡಿಸಿದರು. "ಆಗಿದೆ ರೀ."

"ಏನು?"

"ಅದೇ. ನಿನ್ನೆ ಸಂಜೆ ಒಂದ್ಸಲ, ಇವತ್ತು ಎರಡ್ಸಲ. ಆ ಹುಡುಗನ ಮುಂದೆ ಹೇಗೆ ಹೇಳ್ಲಿ? ನಲವತ್ತನಾಲ್ಕು ವರ್ಷದಲ್ಲಿ ನಿಮ್ಮ ಮುಂದೇನೇ ಹೇಳಿಲ್ಲ."

ಹರಿದಾಸರಿಗೆ ಮೈಯೆಲ್ಲ ಉರಿದುಹೋಯಿತು. ಹೊಟ್ಟೆ ಮತ್ತೆ ಕೊಯ್ಯಿಸಿಕೊಂಡಾಳು, ಮಾನ ಬಿಡಳು! ಬೈಯಲೂ ನಿಲ್ಲದೆ ಬರಿಗಾಲಲ್ಲೇ ಓಡಿದರು. ಡಾಕ್ಟರು ಲಿಫ್ಟಿನ ಮುಂದಿದ್ದ.

"ಪೋಚು ಡಾಕ್ಟರ್! ಮೂಣು ವಾಟ್ಟಿ ಪೋಚು!"

ಮೂರು ಸಲ ಹೋಗಿದೆ ಎಂಬ ಆ ಕೂಗಿಗೆ ಲಿಫ್ಟಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು. ಮಧುಸೂದನ್ ನಗುತ್ತಲೇ ವಾಪಸು ಬಂದು ಹೊಟ್ಟೆ ಒತ್ತಿ ನೋಡಿದ. ಮೆತ್ತಗಿತ್ತು. ಡ್ರಿಪ್ ಹಾಕಿದ ಕೈ ಊದಿಕೊಂಡಿತ್ತು, ಜ್ವರ ಅದರದ್ದೇ ಇರಬೇಕು, ಸದ್ಯಕ್ಕೆ ಸ್ಕ್ಯಾನ್ ಬೇಡ, ಎಳನೀರು ಕೊಡಿ ಎಂದು ಹೋದ.

ಜಯಲಕ್ಷ್ಮಿ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡರು. "ಇಡೀ ಪೋರೂರಿಗೆ ಸಾರಿ ಬಂದ್ರಲ್ಲ!"

ಹರಿದಾಸರು ಹೊದಿಕೆಯಿಂದ ಹೊರಗಿದ್ದ ಅವರ ಪಾದ ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟರು. ಗಂಡ ಕಾಲು ಮುಟ್ಟಿದರೆ ಪಾಪ ಎನ್ನುತ್ತಿದ್ದ ಜಯಲಕ್ಷ್ಮಿ ಇವತ್ತು ಕಾಲೆಳೆದುಕೊಳ್ಳಲಿಲ್ಲ.